ಪ್ರೈವೆಸಿ ಸೆಟ್ಟಿಂಗ್: ನಾವು ಅಂದುಕೊಂಡಿರೋದು ಒಂದು, ಅದು ಮಾಡೋದು ಇನ್ನೊಂದು

ವರ್ಷಕ್ಕೆ ಒಂದೆರಡು ಸಲವಾದರೂ ನಮ್ಮ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಸುತ್ತು ಹೊಡೆಯುತ್ತದೆ. ನಾಳೆಯಿಂದ ಹೊಸ ನಿಯಮವಂತೆ, ಎಲ್ಲಾ ಕಾಲ್ ರೆಕಾರ್ಡ್ ಆಗುತ್ತದಂತೆ, ಮೆಸೇಜ್‌ಗೆ ಮೂರು ಟಿಕ್ ಬಂದು ಅದರಲ್ಲೊಂದು ಕೆಂಪಾದರೆ ಸರ್ಕಾರ ಕೇಸು ಹಾಕುತ್ತದಂತೆ. ಇದು ಸುಳ್ಳು ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ಮೂರನೇ ಟಿಕ್ ಅನ್ನೋದೇ ಇಲ್ಲ.

ಫೇಸ್‌ಬುಕ್‌ನಲ್ಲಿ ಇದೇ ಜಾತಿಯ ಇನ್ನೊಂದಿದೆ. "ನನ್ನ ಫೋಟೊ ಬಳಸಲು ಫೇಸ್‌ಬುಕ್‌ಗೆ ನಾನು ಅನುಮತಿ ಕೊಟ್ಟಿಲ್ಲ" ಅಂತ ಕಾಪಿ ಮಾಡಿ ಗೋಡೆಗೆ ಅಂಟಿಸುವುದು. 2012ರಿಂದಲೂ ಇದು ವೇಷ ಬದಲಿಸಿಕೊಂಡು ಬರುತ್ತಿದೆ. 2024ರಲ್ಲಿ ಮೆಟಾ ಎಐಗೆ ಅನುಮತಿ ಇಲ್ಲ ಅನ್ನುವ ರೂಪದಲ್ಲಿ ಬಂದಾಗ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಜನ ಹಂಚಿದರು. ಅಕೌಂಟ್ ತೆರೆಯುವಾಗ ನಾವೇ ಒಪ್ಪಿಕೊಂಡ ಷರತ್ತು ಇಂಥ ಪೋಸ್ಟ್‌ನಿಂದ ಒಂದಕ್ಷರವೂ ಬದಲಾಗುವುದಿಲ್ಲ.

ಇದನ್ನು ನೋಡಿ ನಗುವುದು ಸುಲಭ. ನಾವು ನಗುವುದಿಲ್ಲ. ಇಂಥ ಮೆಸೇಜ್ ಕಳಿಸುವವರಿಗೆ ಒಂದು ಭಯ ಇದೆ, ಆ ಭಯಕ್ಕೆ ಕಾರಣವೂ ಇದೆ. ಆದರೆ ಭಯ ಕೂತಿರುವ ಜಾಗ ತಪ್ಪು. ಸರ್ಕಾರ ನಮ್ಮ ಮೆಸೇಜ್ ಓದುತ್ತದೆ ಎಂದು ಬೆಳಿಗ್ಗೆ ಹೆದರಿದವರೇ ಸಂಜೆ ಆಧಾರ್ ಕಾರ್ಡಿನ ಎರಡೂ ಮಗ್ಗುಲಿನ ಫೋಟೊ ತೆಗೆದು ಜೆರಾಕ್ಸ್ ಅಂಗಡಿಯ ನಂಬರಿಗೆ ಕಳಿಸಿ ಬರುತ್ತಾರೆ.

ನಮ್ಮ ಚಿಕ್ಕಬಾಣಾವರದ ಕಡೆ ಇದು ದಿನಾ ನಡೆಯುವುದು. ಊರು ಈಗ ಹಳ್ಳಿಯೂ ಅಲ್ಲ, ಪೂರ್ತಿ ಪಟ್ಟಣವೂ ಅಲ್ಲ. ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್‌ಗೆ ಶಿಫ್ಟ್ ಮೇಲೆ ಹೋಗುವವರು, ಹೆಸರಘಟ್ಟ ರಸ್ತೆಯ ಕಾಲೇಜುಗಳಿಗೆ ಬಂದು ಪಿಜಿಯಲ್ಲಿ ಉಳಿದ ಹುಡುಗ ಹುಡುಗಿಯರು, ತುಮಕೂರು, ಹಾಸನದ ಕಡೆಯ ರೈಲು ಹಿಡಿದು ವಾರಕ್ಕೊಮ್ಮೆ ಊರಿಗೆ ಹೋಗಿಬರುವವರು ಎಲ್ಲರೂ ಇಲ್ಲಿದ್ದಾರೆ. ಬಾಡಿಗೆ ಮನೆ ಬೇಕೆಂದರೆ ಆಧಾರ್ ವಾಟ್ಸ್‌ಆ್ಯಪ್ ಮಾಡಿ ಅನ್ನುತ್ತಾರೆ. ಕೆಲಸಕ್ಕೆ ಸೇರಬೇಕೆಂದರೆ ಕಂಟ್ರಾಕ್ಟರ್ ಪಾಸ್‌ಬುಕ್ ಫೋಟೊ ಕೇಳುತ್ತಾನೆ. ಗೃಹಲಕ್ಷ್ಮಿ ಅರ್ಜಿ ಹಾಕಿಸಲು ರೇಷನ್ ಕಾರ್ಡ್ ಯಾರ್ಯಾರ ಫೋನಿಗೋ ಹೋಗಿ ಕೂತಿದೆ. ಊರಿನ ಮುಕ್ಕಾಲು ವ್ಯವಹಾರ ಫೋನಿನೊಳಗೇ ನಡೆಯುವಾಗ, ಆ ಫೋನಿನ ಬೀಗ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮಾತ್ರ ಯಾರೂ ಹೇಳಿಕೊಡದ ಪಾಠವಾಗಿದೆ.

ನಮ್ಮ ಅಭಿಪ್ರಾಯ ಇಷ್ಟು: ಪ್ರೈವೆಸಿ ಸೆಟ್ಟಿಂಗ್ ಅನ್ನುವುದು ಯಾರು ನೋಡಬಹುದು ಎಂದು ತೀರ್ಮಾನಿಸುತ್ತದೆ. ನೋಡಿದವರು ಏನು ಮಾಡುತ್ತಾರೆ ಅನ್ನುವುದು ಅದರ ಕೈಯಲ್ಲಿಲ್ಲ. ಈ ವ್ಯತ್ಯಾಸ ತಿಳಿಯದಿರುವುದರಿಂದಲೇ ನಮ್ಮ ತಪ್ಪು ತಿಳಿವಳಿಕೆಗಳಲ್ಲಿ ಬಹಳಷ್ಟು ಹುಟ್ಟುತ್ತವೆ.

ವಾಟ್ಸ್‌ಆ್ಯಪ್ ಓದುವುದಿಲ್ಲ, ಸರಿ. ಆಮೇಲೆ?

"ಮೆಸೇಜ್‌ಗೆ ಬೀಗ ಇದೆಯಲ್ಲ, ಮೇಲೇ ಬರೆದಿದ್ದಾರೆ" ಅನ್ನುವವರು ಬಹಳ ಜನ. ನಿಜ. 2016ರಿಂದ ವಾಟ್ಸ್‌ಆ್ಯಪ್‌ನ ವೈಯಕ್ತಿಕ ಮೆಸೇಜ್, ಕಾಲ್‌ಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇದೆ. ನಮ್ಮ ಫೋನಿನಲ್ಲಿ ಬೀಗ ಬೀಳುತ್ತದೆ, ತಲುಪಿದವರ ಫೋನಿನಲ್ಲೇ ತೆರೆಯುತ್ತದೆ. ದಾರಿಯಲ್ಲಿ ಕಂಪನಿಗೂ ಓದಲಾಗುವುದಿಲ್ಲ. ಆದರೆ ಯಾರ ಜೊತೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಮಾತಾಡಿದಿರಿ ಅನ್ನುವಂಥ ಮಾಹಿತಿ ಈ ಬೀಗದೊಳಗೆ ಬರುವುದಿಲ್ಲ. 2021ರಲ್ಲಿ ವಾಟ್ಸ್‌ಆ್ಯಪ್ ತನ್ನ ನೀತಿ ಬದಲಿಸಿ, ಒಪ್ಪದಿದ್ದರೆ ಬಳಸುವಂತಿಲ್ಲ ಎಂಬ ರೀತಿಯಲ್ಲಿ ಮುಂದಿಟ್ಟದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ 213 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಅದನ್ನು ಮೇಲಿನ ಹಂತದಲ್ಲಿ ಪ್ರಶ್ನಿಸಿತು.

ನಮ್ಮ ಮಟ್ಟಿಗೆ ದೊಡ್ಡ ಸಮಸ್ಯೆ ಇನ್ನೂ ಹತ್ತಿರದ್ದು. ಬೀಗ ತೆರೆಯುವುದು ತಲುಪಿದವರ ಫೋನಿನಲ್ಲಿ ತಾನೇ? ಅವರು ಫಾರ್ವರ್ಡ್ ಮಾಡಬಹುದು, ಸ್ಕ್ರೀನ್‌ಶಾಟ್ ತೆಗೆಯಬಹುದು, ಫೋನನ್ನೇ ಇನ್ನೊಬ್ಬರ ಕೈಗೆ ಕೊಡಬಹುದು. "ಒಂದೇ ಸಲ ನೋಡಿ" ಎಂದು ಕಳಿಸಿದ ಫೋಟೊಗೆ ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟ್ ತಡೆ ಹಾಕಿದೆ. ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದು ಫೋಟೊ ತೆಗೆದರೆ ಯಾವ ಸೆಟ್ಟಿಂಗ್ ತಡೆಯುತ್ತದೆ?

"ಎಲ್ಲರಿಗೂ ಡಿಲೀಟ್" ಮಾಡುವುದಕ್ಕೂ ಸುಮಾರು ಎರಡೂವರೆ ದಿನದ ಗಡುವಿದೆ. ಅಷ್ಟರೊಳಗೆ ಅಳಿಸಿದರೂ, ಅವರು ಬೇರೆ ಕಡೆಗೆ ಕಳಿಸಿಬಿಟ್ಟಿದ್ದರೆ ಆ ಪ್ರತಿ ಹಾಗೇ ಉಳಿಯುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುವ ಗಾದೆ ನಮ್ಮ ಹಿರಿಯರು ಇದಕ್ಕೇ ಹೇಳಿಟ್ಟ ಹಾಗಿದೆ.

'ನನ್ನ ಸಂಪರ್ಕಗಳು' ಅಂದರೆ ನಮ್ಮವರಲ್ಲ

ಸ್ಟೇಟಸ್ ವಿಷಯದಲ್ಲಿ ಬಹಳ ಜನ ಮೋಸಹೋಗುವುದು ಇಲ್ಲೇ. ಸೆಟ್ಟಿಂಗ್‌ನಲ್ಲಿ 'ನನ್ನ ಸಂಪರ್ಕಗಳು' ಎಂದಿದ್ದರೆ ನೆಂಟರು, ಸ್ನೇಹಿತರು ಮಾತ್ರ ನೋಡುತ್ತಾರೆ ಅಂದುಕೊಳ್ಳುತ್ತೇವೆ. ಒಮ್ಮೆ ನಿಮ್ಮ ಫೋನಿನ ಸಂಪರ್ಕ ಪಟ್ಟಿ ತೆಗೆದು ನೋಡಿ. ಗ್ಯಾಸ್ ತರುವವರು, ನೀರಿನ ಟ್ಯಾಂಕರ್, ಸೈಟ್ ಬ್ರೋಕರ್, ಹಳೆಯ ಮನೆ ಓನರ್, ಹಿಂದಿನ ಫ್ಯಾಕ್ಟರಿಯ ಸೂಪರ್‌ವೈಸರ್, ಚೀಟಿ ವ್ಯವಹಾರದವರು ಎಲ್ಲರೂ ಇದ್ದಾರೆ. ನೀವು ಅವರ ನಂಬರ್ ಸೇವ್ ಮಾಡಿಕೊಂಡು, ಅವರೂ ನಿಮ್ಮದನ್ನು ಸೇವ್ ಮಾಡಿಕೊಂಡಿದ್ದರೆ ನಿಮ್ಮ ಸ್ಟೇಟಸ್ ಅವರಿಗೂ ಕಾಣುತ್ತದೆ. "ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟೆವು" ಎಂಬ ಸ್ಟೇಟಸ್ ಮನೆಗೆ ಬೀಗ ಬಿದ್ದಿದೆ ಎಂದು ಸಾರಿದ ಹಾಗೆ.

ಪ್ರೊಫೈಲ್ ಫೋಟೊ ಇನ್ನೂ ಸಡಿಲ. 'ಎಲ್ಲರೂ' ಎಂದು ಇಟ್ಟಿದ್ದರೆ ನಿಮ್ಮ ನಂಬರ್ ಇರುವ ಯಾರಿಗಾದರೂ ಅದು ಕಾಣುತ್ತದೆ. ಆ ಫೋಟೊವನ್ನೇ ಹಾಕಿಕೊಂಡು ಬೇರೆ ನಂಬರಿನಿಂದ ನಿಮ್ಮ ಭಾವನಿಗೋ ಚಿಕ್ಕಪ್ಪನಿಗೋ "ಅರ್ಜೆಂಟು, ಐದು ಸಾವಿರ ಹಾಕಿ" ಎಂದು ಕೇಳುವ ಮೋಸ ಈಗ ಹೊಸದೇನಲ್ಲ. ಫೋಟೊ ನೋಡಿ ನಂಬುವುದು ನಮ್ಮ ಅಭ್ಯಾಸ. ಮೋಸ ಮಾಡುವವರು ನಿಂತಿರುವುದು ಅದೇ ಅಭ್ಯಾಸದ ಮೇಲೆ.

ಲಾಕ್ ಆದ ಪ್ರೊಫೈಲ್, ತೆರೆದ ಕಾಮೆಂಟ್

ಫೇಸ್‌ಬುಕ್ 2020ರಲ್ಲಿ ಭಾರತದವರಿಗೆ, ಅದರಲ್ಲೂ ಹೆಣ್ಣುಮಕ್ಕಳನ್ನು ಗಮನದಲ್ಲಿಟ್ಟು, ಪ್ರೊಫೈಲ್ ಲಾಕ್ ಸೌಲಭ್ಯ ತಂದಿತು. ಒಳ್ಳೆಯದೇ. ಲಾಕ್ ಮಾಡಿದರೆ ನಿಮ್ಮ ಪೋಸ್ಟ್, ಆಲ್ಬಮ್ ಫ್ರೆಂಡ್ಸ್‌ಗೆ ಮಾತ್ರ ಕಾಣುತ್ತವೆ. ಆದರೆ ನೀವು ಒಂದು ನ್ಯೂಸ್ ಚಾನೆಲ್ ಪೇಜಿನಲ್ಲೋ ಶಾಸಕರ ಪೇಜಿನಲ್ಲೋ ಕಾಮೆಂಟ್ ಹಾಕಿದರೆ ಅದು ಇಡೀ ಜಗತ್ತಿಗೆ ಕಾಣುತ್ತದೆ. ಆ ಜಾಗ ನಿಮ್ಮ ಮನೆಯಲ್ಲ, ಸಂತೆ. ಸಾರ್ವಜನಿಕ ಗ್ರೂಪಿನಲ್ಲಿ ಹಾಕಿದ ಪೋಸ್ಟೂ ಅಷ್ಟೇ. ಪೋಸ್ಟಿನ ಮೇಲೆ ಸಣ್ಣದೊಂದು ಭೂಗೋಳದ ಚಿಹ್ನೆ ಇದ್ದರೆ ಅದು ಎಲ್ಲರಿಗೂ ಬಾಗಿಲು ತೆರೆದಿದೆ ಎಂದರ್ಥ. ಇಂಗ್ಲಿಷ್ ಓದಲು ಬರದಿದ್ದರೂ ಈ ಗುರುತು ನೋಡುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು.

ಅಡಗಿಸಿಟ್ಟ ನಂಬರ್ ಕೂಡ ಹೇಗೆ ಹೊರಬೀಳುತ್ತದೆ ಎಂಬುದಕ್ಕೆ 2021ರ ಏಪ್ರಿಲ್‌ನ ಒಂದು ಪ್ರಕರಣ ಸಾಕು. 106 ದೇಶಗಳ 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಫೋನ್ ನಂಬರ್ ಮುಂತಾದ ವಿವರ ಇಂಟರ್‌ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗತೊಡಗಿತು. ಭಾರತದ ಸುಮಾರು 60 ಲಕ್ಷ ಜನ ಅದರಲ್ಲಿದ್ದರು. ಕಳ್ಳರು ಬಳಸಿಕೊಂಡದ್ದು ಸಂಪರ್ಕ ಪಟ್ಟಿ ಹಾಕಿ ಸ್ನೇಹಿತರನ್ನು ಹುಡುಕುವ ಸೌಲಭ್ಯವನ್ನು. ನಂಬರ್ ಯಾರಿಗೆ ಕಾಣಬೇಕು ಅನ್ನುವುದು ಒಂದು ಸೆಟ್ಟಿಂಗ್. ಆ ನಂಬರ್ ಹಾಕಿ ನಿಮ್ಮನ್ನು ಯಾರು ಹುಡುಕಬಹುದು ಅನ್ನುವುದು ಬೇರೆಯೇ ಸೆಟ್ಟಿಂಗ್. ಮೊದಲನೆಯದಕ್ಕೆ 'ನಾನು ಮಾತ್ರ' ಎಂದು ಹಾಕಿ ಎರಡನೆಯದು ಇದೆ ಎಂದೇ ತಿಳಿಯದವರು ಎಷ್ಟೋ ಜನ. ಮುಂಬಾಗಿಲು ಭದ್ರ, ಹಿತ್ತಲ ಬಾಗಿಲು ತೆರೆದೇ ಇತ್ತು.

ಜೆರಾಕ್ಸ್ ಅಂಗಡಿಯ ಕಂಪ್ಯೂಟರ್

ದೊಡ್ಡ ದೊಡ್ಡ ಕಂಪನಿಗಳ ಮಾತು ಬಿಡಿ. ನಮ್ಮ ಬೀದಿಯ ಅಂಗಡಿಗೆ ಬರೋಣ. ಪ್ರಿಂಟ್ ತೆಗೆಸಲು ಹೋದವರು ಅಲ್ಲಿನ ಕಂಪ್ಯೂಟರಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತಮ್ಮ ವಾಟ್ಸ್‌ಆ್ಯಪ್ ತೆರೆಯುತ್ತಾರೆ. ಪ್ರಿಂಟ್ ಸಿಕ್ಕಿದ ಕೂಡಲೇ ದುಡ್ಡು ಕೊಟ್ಟು ಹೊರಡುತ್ತಾರೆ. ಲಾಗೌಟ್ ಮಾಡುವುದಿಲ್ಲ. ನಿಮ್ಮ ಫೋನ್ ಆಫ್ ಆಗಿದ್ದರೂ ಆ ಕಂಪ್ಯೂಟರಿನಲ್ಲಿ ನಿಮ್ಮ ಮೆಸೇಜ್‌ಗಳು ಬರುತ್ತಲೇ ಇರುತ್ತವೆ. ಯಾವ ಹ್ಯಾಕರ್ರೂ ಬೇಕಾಗಿಲ್ಲ. ಅಂಗಡಿಯವರು ಎಷ್ಟೇ ಒಳ್ಳೆಯವರಿರಲಿ, ಆ ಕಂಪ್ಯೂಟರ್ ಮುಂದೆ ದಿನಕ್ಕೆ ಐವತ್ತು ಜನ ನಿಲ್ಲುತ್ತಾರೆ.

ಆಧಾರ್ ವಿಷಯದಲ್ಲಿ ಗೊಂದಲ ಜನರದ್ದು ಮಾತ್ರವಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಆಧಾರ್ ಜೆರಾಕ್ಸ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ದುರ್ಬಳಕೆ ಆಗಬಹುದು, ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನಕ್ಕೆ, ತಪ್ಪು ಅರ್ಥ ಬರುತ್ತದೆ ಎಂದು ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ಎಚ್ಚರಿಕೆ ಹೇಳಿದ್ದೂ ಅವರೇ, ಹಿಂದಕ್ಕೆ ತೆಗೆದುಕೊಂಡದ್ದೂ ಅವರೇ. ಜನ ಏನು ಅರ್ಥ ಮಾಡಿಕೊಳ್ಳಬೇಕು? ಆದರೂ ಮಾಸ್ಕ್ಡ್ ಆಧಾರ್ ಸೌಲಭ್ಯ ಈಗಲೂ ಇದೆ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ತೋರಿಸುವ ಕಾರ್ಡನ್ನು ಆಧಾರ್ ವೆಬ್‌ಸೈಟ್‌ನಿಂದ ಇಳಿಸಿಕೊಳ್ಳಬಹುದು. ಬಾಡಿಗೆ ಮನೆ, ಪಿಜಿಯಂಥ ಕಡೆ ಗುರುತಿಗೆ ಅದನ್ನು ಕೊಡುತ್ತೇನೆ ಎಂದು ಹೇಳಲು ಅಳುಕಬೇಕಿಲ್ಲ.

335 ಜನ, ಐದೂವರೆ ಲಕ್ಷ ಜನ

"ನಾನು ಏನೂ ಒತ್ತಿಲ್ಲ, ನನಗೇನೂ ಆಗಲ್ಲ" ಅನ್ನುವವರಿಗೆ ಒಂದು ಲೆಕ್ಕ. 2018ರಲ್ಲಿ ಕೇಂಬ್ರಿಜ್ ಅನಲಿಟಿಕಾ ಹಗರಣ ಹೊರಬಂದಾಗ ಭಾರತದ ವಿಷಯದಲ್ಲಿ ಫೇಸ್‌ಬುಕ್ ಕೊಟ್ಟ ವಿವರ ಹೀಗಿತ್ತು: ವ್ಯಕ್ತಿತ್ವ ಪರೀಕ್ಷೆಯ ಆ ಆ್ಯಪನ್ನು ಹಾಕಿಕೊಂಡವರು 335 ಜನ. ಅವರ ಸ್ನೇಹಪಟ್ಟಿಯ ಮೂಲಕ ಮಾಹಿತಿ ಹೋಗಿರಬಹುದಾದವರು 5 ಲಕ್ಷ 62 ಸಾವಿರಕ್ಕೂ ಹೆಚ್ಚು. ಒಬ್ಬರು ಬಾಗಿಲು ತೆರೆದರೆ ಸಾವಿರಾರು ಜನರ ಮನೆಯೊಳಗೆ ಕಳ್ಳ ಹೊಕ್ಕ ಹಾಗೆ.

ಅಂದರೆ ನಮ್ಮ ಖಾಸಗಿತನ ನಮ್ಮೊಬ್ಬರ ಕೈಯಲ್ಲಿಲ್ಲ. ನಮ್ಮ ತಂಗಿ, ಸಹೋದ್ಯೋಗಿ, ಗ್ರೂಪಿನ ಇನ್ನೂರು ಜನರ ಕೈಯಲ್ಲಿದೆ. ಅವರದ್ದು ನಮ್ಮ ಕೈಯಲ್ಲಿದೆ. ಸೆಟ್ಟಿಂಗ್ ಬಗ್ಗೆ ಬರೆಯುವವರು ಬಹಳ ಸಲ ಈ ಎರಡನೇ ಭಾಗವನ್ನು ಬಿಟ್ಟುಬಿಡುತ್ತಾರೆ.

ಅದನ್ನು ಬಿಟ್ಟರೆ ಏನಾಗುತ್ತದೆ ಎಂದು ಕರ್ನಾಟಕ ನೋಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದ್ ಕಡೆಯಿಂದ ಬಂದಿದ್ದ ಕೆಲವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಹರಡಲಾಯಿತು. ಮುಂದಿನ ಊರಿನಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಚಾಟ್‌ಗೆ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು. ಈಗಲೂ ನಮ್ಮ ಬಡಾವಣೆ ಗ್ರೂಪ್‌ಗಳಲ್ಲಿ ಯಾರದೋ ಸಿಸಿಟಿವಿ ಚಿತ್ರ ಹಾಕಿ "ಇವನೇ ಕಳ್ಳ, ಶೇರ್ ಮಾಡಿ" ಅನ್ನುವುದು ನಿಂತಿಲ್ಲ. ಆ ಚಿತ್ರದಲ್ಲಿರುವವನು ಕೊರಿಯರ್ ಹುಡುಗನೋ ವಿಳಾಸ ಹುಡುಕುತ್ತಿದ್ದ ಬಾಡಿಗೆದಾರನೋ ಇರಬಹುದು. ಅವನ ಮುಖಕ್ಕೆ ಪ್ರೈವೆಸಿ ಸೆಟ್ಟಿಂಗ್ ಹಾಕುವವರು ಯಾರು? ಫಾರ್ವರ್ಡ್ ಒತ್ತದೆ ಬಿಡುವ ನಮ್ಮ ಹೆಬ್ಬೆರಳೇ.

ಫೋನ್ ಕಿತ್ತುಕೊಳ್ಳುವುದು ಉತ್ತರವಲ್ಲ

ನಮಗೆ ತಿಳಿದ ಒಂದು ಮನೆಯಲ್ಲಿ ಹೀಗಾಯಿತು. ಕಾಲೇಜಿಗೆ ಹೋಗುವ ಹುಡುಗಿ. ಅಕೌಂಟ್ ಪ್ರೈವೇಟ್ ಇಟ್ಟಿದ್ದಳು, ಗುರುತಿಲ್ಲದವರನ್ನು ಸೇರಿಸುತ್ತಿರಲಿಲ್ಲ. ಆದರೂ ಅವಳ ಹೆಸರು, ಫೋಟೊ ಹಾಕಿ ಯಾರೋ ನಕಲಿ ಅಕೌಂಟ್ ತೆರೆದು ಹುಡುಗರಿಗೆ ಮೆಸೇಜ್ ಕಳಿಸಲು ಶುರು ಮಾಡಿದರು. ಫೋಟೊ ಹೋದದ್ದು ಅವಳ ಅಕೌಂಟಿನಿಂದ ಅಲ್ಲ. ನೆಂಟರೊಬ್ಬರು ಮದುವೆ ಆಲ್ಬಮ್ ಪೂರ್ತಿ ಎಲ್ಲರಿಗೂ ಕಾಣುವಂತೆ ಹಾಕಿದ್ದರು, ಹೆಸರು ಟ್ಯಾಗ್ ಮಾಡಿ.

ಮನೆಯಲ್ಲಿ ತೀರ್ಮಾನ ಒಂದೇ ರಾತ್ರಿಯಲ್ಲಿ ಆಯಿತು. "ನಿನಗೆ ಇನ್ನು ಫೋನ್ ಬೇಡಮ್ಮ" ಅಂದರು ತಂದೆ. ಕಾಲೇಜಿನ ನೋಟಿಸ್, ಬಸ್ ತಪ್ಪಿದರೆ ಮನೆಗೆ ಹೇಳುವ ದಾರಿ, ಗೆಳತಿಯರ ನೋಟ್ಸ್ ಎಲ್ಲವೂ ಅದೇ ಫೋನಿನಲ್ಲಿದ್ದವು. ನಕಲಿ ಅಕೌಂಟ್ ಮಾತ್ರ ಹಾಗೇ ಇತ್ತು. ತಪ್ಪು ಮಾಡಿದವನಿಗೆ ಏನೂ ಆಗಲಿಲ್ಲ, ಎಚ್ಚರವಾಗಿದ್ದವಳಿಗೆ ಶಿಕ್ಷೆಯಾಯಿತು.

ಆ ತಂದೆಯನ್ನು ನಾವು ದೂರುವುದಿಲ್ಲ. ಮಗಳ ಮರ್ಯಾದೆಯ ಚಿಂತೆಯಲ್ಲಿ ಕೈಗೆ ಸಿಕ್ಕಿದ್ದನ್ನು ಮಾಡಿದರು. ಬೇರೆ ದಾರಿ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ದಾರಿ ಇದೆ. ಬೇರೆಯವರಂತೆ ನಟಿಸುವ ಅಥವಾ ತಿರುಚಿದ ಫೋಟೊ ಬಗ್ಗೆ ದೂರು ಕೊಟ್ಟರೆ ಕಂಪನಿ ನಿಗದಿತ ಗಡುವಿನೊಳಗೆ ಕ್ರಮ ಕೈಗೊಳ್ಳಬೇಕು ಎಂದು 2021ರ ಐಟಿ ನಿಯಮಗಳಲ್ಲೇ ಇದೆ. ಗುರುತು ಕದಿಯುವುದು, ಬೇರೆಯವರ ವೇಷದಲ್ಲಿ ವಂಚಿಸುವುದು ಐಟಿ ಕಾಯ್ದೆಯಡಿ ಅಪರಾಧ. ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೆನ್ ಪೊಲೀಸ್ ಠಾಣೆಗಳು ಇರುವುದೇ ಇದಕ್ಕೆ. ದೂರು ಕೊಡುವ ಮುಂಚೆ ನಕಲಿ ಅಕೌಂಟಿನ ಸ್ಕ್ರೀನ್‌ಶಾಟ್, ಲಿಂಕ್ ತೆಗೆದಿಟ್ಟುಕೊಳ್ಳುವುದು ಮುಖ್ಯ. ಹೆದರಿ ಅಳಿಸಿಬಿಟ್ಟರೆ ಸಾಕ್ಷಿಯೂ ಹೋಗುತ್ತದೆ.

ಇದು ನಮ್ಮ ಹಕ್ಕು, ಭಿಕ್ಷೆಯಲ್ಲ

ಖಾಸಗಿತನ ಅಂದರೆ ಪೇಟೆಯವರ ಶೋಕಿ, ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ ಎಂದು ಕೇಳುವವರಿದ್ದಾರೆ. ಇದನ್ನು ಹಕ್ಕು ಎಂದು ಸುಪ್ರೀಂ ಕೋರ್ಟ್ ಬಾಯಿಂದ ಹೇಳಿಸಿದ್ದು ನಮ್ಮ ಬೆಂಗಳೂರಿನ ಒಬ್ಬ ಹಿರಿಯರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ಐಟಿ ಕಂಪನಿ ಮಾಲೀಕನಿಗೂ ಆ ಹಕ್ಕು ಒಂದೇ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಸಮಯ ಕೊಡಲಾಗಿದೆ. ಅದರಲ್ಲಿ ನಮಗೆ ಬಹಳ ಬೇಕಾದ ಒಂದು ಮಾತಿದೆ: ನಮ್ಮ ಮಾಹಿತಿ ಏಕೆ ಬೇಕು ಎಂದು ಹೇಳುವ ನೋಟಿಸನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ಈ ಆಯ್ಕೆ ಕಾಗದದಲ್ಲೇ ಉಳಿಯಬಾರದು. ವಕೀಲರಿಗೂ ಬಿಡಿಸಲಾಗದ ಕನ್ನಡದಲ್ಲಿ ಅನುವಾದಿಸಿ ಕೈತೊಳೆದುಕೊಂಡರೂ ಪ್ರಯೋಜನವಿಲ್ಲ.

ಕಂಪನಿಗಳಿಂದ ನಾವು ಇನ್ನೂ ಒಂದು ಕೇಳಬೇಕು. ಹೊಸ ಫೋನಿಗೆ ಆ್ಯಪ್ ಹಾಕಿದಾಗ ಬಾಗಿಲುಗಳು ಮೊದಲೇ ಮುಚ್ಚಿರಲಿ. ಬೇಕಾದವರು ತೆರೆದುಕೊಳ್ಳಲಿ. ಎಲ್ಲವನ್ನೂ ತೆರೆದಿಟ್ಟು, ಮುಚ್ಚುವ ಚಿಲಕವನ್ನು ಐದು ಮೆನು ಒಳಗೆ ಅಡಗಿಸಿ, ಕೊನೆಗೆ ನೀವೇ ಎಚ್ಚರವಾಗಿರಬೇಕಿತ್ತು ಎನ್ನುವುದು ನ್ಯಾಯವಲ್ಲ.

ಸರ್ಕಾರ, ಪಂಚಾಯಿತಿ, ಕಾಲೇಜುಗಳಿಗೂ ಕೆಲಸವಿದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ, ಪೀಣ್ಯದ ಕಾರ್ಖಾನೆಗಳ ಊಟದ ಬಿಡುವಿನಲ್ಲಿ ಒಂದು ಗಂಟೆ ಸಾಕು. ಭಾಷಣ ಬೇಡ. ಎಲ್ಲರೂ ತಮ್ಮ ಫೋನ್ ತೆಗೆಯಲಿ, ಹೇಳಿಕೊಡುವವರು ಒಂದೊಂದೇ ಒತ್ತಿಸಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಇಷ್ಟು ಮಾಡಿ:

ವಾಟ್ಸ್‌ಆ್ಯಪ್ ಸೆಟ್ಟಿಂಗ್‌ನಲ್ಲಿ ಆ್ಯಪ್ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

'ಲಿಂಕ್ ಮಾಡಿದ ಸಾಧನಗಳು' ತೆರೆಯಿರಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿ.

'ಗೌಪ್ಯತೆ'ಯೊಳಗೆ ಪ್ರೊಫೈಲ್ ಫೋಟೊ, ಸ್ಟೇಟಸ್, ಗುಂಪುಗಳು ಮೂರನ್ನೂ ನೋಡಿ. ನಿಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದು ಎಂಬುದನ್ನು 'ನನ್ನ ಸಂಪರ್ಕಗಳು' ಮಾಡಿ.

ಟೂ ಸ್ಟೆಪ್ ವೆರಿಫಿಕೇಶನ್‌ನ ಆರಂಕಿ ಪಿನ್ ಹಾಕಿ. ಆ ಪಿನ್, ಓಟಿಪಿ ಎರಡನ್ನೂ ಯಾರಿಗೂ ಹೇಳಬೇಡಿ.

ಮದುವೆ ಕಾರ್ಡ್, ಟ್ರಾಫಿಕ್ ದಂಡ ಎಂದು ಬರುವ ಫೈಲಿನ ಕೊನೆಯಲ್ಲಿ 'ಎಪಿಕೆ' ಎಂದಿದ್ದರೆ ಒತ್ತಬೇಡಿ. ಅದು ಕಾರ್ಡ್ ಅಲ್ಲ, ಆ್ಯಪ್. ಒಳಗೆ ಬಿಟ್ಟುಕೊಂಡರೆ ಮೇಲಿನ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ.

ಇವೆಲ್ಲ ಮುಗಿದ ಮೇಲೆ ಆರನೆಯದೊಂದಿದೆ. ಅದು ಯಾವ ಮೆನುವಿನಲ್ಲೂ ಸಿಗುವುದಿಲ್ಲ. ಇನ್ನೊಬ್ಬರ ಫೋಟೊ, ನಂಬರ್, ಕಾರ್ಡ್ ಯಾವುದನ್ನೇ ಆಗಲಿ ಮುಂದಕ್ಕೆ ಕಳಿಸುವ ಮುಂಚೆ "ಹಾಕಲಾ?" ಎಂದು ಅವರನ್ನು ಒಂದು ಮಾತು ಕೇಳುವುದು. ಮದುವೆ ಆಲ್ಬಮ್ ಹಾಕುವ ಮೊದಲು ಆ ನೆಂಟರು ಹಾಗೆ ಕೇಳಿದ್ದರೆ, ಒಬ್ಬ ಹುಡುಗಿಯ ಫೋನ್ ಅವಳ ಕೈಯಲ್ಲೇ ಇರುತ್ತಿತ್ತು.